ಬೀರುವಿನ ಬೀಗದಕೈ ಮೊದಲು ಇಸಿದುಕೊಳ್ಳಿ: ಶಿಕ್ಷಕರ ಬೇಸಿಗೆ ಓದಿಗೊಂದು ಕೈಪಿಡಿ

ನಾಲ್ಕು ವರ್ಷದ ಹಿಂದೆ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಹನ್ನೊಂದು ಪುಸ್ತಕ ಹೊತ್ತುಕೊಂಡು ಹೋಗಿದ್ದೆ. ಬಟ್ಟೆಯ ಚೀಲಕ್ಕಿಂತ ಪುಸ್ತಕದ ಚೀಲವೇ ಭಾರ. ಲಗೇಜ್ ಟಿಕೆಟ್ ಹರಿಯಲೇ ಮೇಷ್ಟ್ರೇ ಅಂತ ಕಂಡಕ್ಟರ್ ನಕ್ಕಿದ್ದ. ಮೇ ಕೊನೆಯ ವಾರ ಆ ಹನ್ನೊಂದನ್ನೂ ಹಾಗೇ ವಾಪಸು ಹೊತ್ತು ತಂದೆ. ಒಂದರಲ್ಲಿ ಮಾತ್ರ ನಲವತ್ತನೇ ಪುಟದ ಹತ್ತಿರ ಯಾರದೋ ಮದುವೆಯ ಲಗ್ನಪತ್ರಿಕೆ ಸಿಕ್ಕಿಸಿತ್ತು, ಗುರುತಿಗೆ.

ಆ ವರ್ಷ ನಾನು ಸೋಮಾರಿಯಾಗಿರಲಿಲ್ಲ. ಹನ್ನೊಂದು ಪುಸ್ತಕ ಕಣ್ಣೆದುರು ಇದ್ದರೆ ಯಾವುದನ್ನು ಹಿಡಿಯೋದು ಎಂಬುದೇ ತೀರ್ಮಾನವಾಗುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲೂ ವಾಟ್ಸ್ಆ್ಯಪ್ ಗುಂಪುಗಳಿಗೆ ‘ಶಿಕ್ಷಕರು ಓದಲೇಬೇಕಾದ 25 ಪುಸ್ತಕಗಳು’ ಎಂಬ ಪಟ್ಟಿ ಬಂದು ಬೀಳುತ್ತದೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಾರೆ, ಯಾರೂ ಓದುವುದಿಲ್ಲ. ಆಮೇಲಿನ ಮೂರು ಬೇಸಿಗೆಗಳಲ್ಲಿ ನಾನು ಲೆಕ್ಕ ಬದಲಾಯಿಸಿದೆ. ಒಂದು ರಜೆಗೆ ಮೂರೇ ಪುಸ್ತಕ. ಒಂದು, ತರಗತಿಯಲ್ಲಿ ನಿಂತು ಏನನ್ನೋ ಮಾಡಿ ನೋಡಿದ ಮೇಷ್ಟ್ರ ಕಥೆ. ಇನ್ನೊಂದು, ಬೆಂಚಿನ ಆ ಕಡೆ, ಮಗುವಿನ ಜಾಗದಲ್ಲಿ ಕೂತವರು ಬರೆದದ್ದು. ಮೂರನೆಯದು ನಮ್ಮ ವಿಷಯದ ಮೇಲೆ ನಮಗೇ ಮತ್ತೆ ಮೋಹ ಹುಟ್ಟಿಸುವಂಥದ್ದು. ಮಕ್ಕಳ ಕಥೆಪುಸ್ತಕಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ಉಪ್ಪಿನಕಾಯಿ ಇದ್ದ ಹಾಗೆ, ಎಷ್ಟು ಬಡಿಸಿಕೊಂಡರೂ ನಡೆಯುತ್ತದೆ.

ರಜೆಯ ನಿಜವಾದ ಲೆಕ್ಕ

ಕಾಗದದ ಮೇಲೆ ನಮಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಊರಿನವರು ಅದನ್ನೇ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಕ್ಯಾಲೆಂಡರ್ ತೆಗೆದು ಪೆನ್ಸಿಲ್‌ನಲ್ಲಿ ಹೊಡೆದುಹಾಕುತ್ತಾ ಬನ್ನಿ. ಹೈಸ್ಕೂಲಿನವರಾದರೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. ಪ್ರಾಥಮಿಕದವರಾದರೆ ಯಾವುದಾದರೊಂದು ಗಣತಿ, ಚುನಾವಣೆ ಇದ್ದ ವರ್ಷ ಅದರ ಡ್ಯೂಟಿ, ನಡುವೆ ಎಲ್ಲೋ ಒಂದು ತರಬೇತಿ. ಆಮೇಲೆ ಮದುವೆ, ಗೃಹಪ್ರವೇಶ, ಊರ ಜಾತ್ರೆ, ಹಪ್ಪಳ ಸಂಡಿಗೆ, ತೋಟಕ್ಕೆ ನೀರು. ನನ್ನ ಕ್ಯಾಲೆಂಡರಿನಲ್ಲಿ ಉಳಿಯುವುದು ಇಪ್ಪತ್ತು ದಿನ. ದಿನಕ್ಕೆ ಒಂದು ಗಂಟೆ, ಗಂಟೆಗೆ ಇಪ್ಪತ್ತೈದು ಪುಟ ಎಂದುಕೊಂಡರೂ ಐನೂರು ಪುಟ. ಅಂದರೆ ನೂರೈವತ್ತು ಪುಟದ ಆಸುಪಾಸಿನ ಮೂರು ಪುಸ್ತಕ, ಮೇಲೆ ಚೂರು ಚಿಲ್ಲರೆ. ಹನ್ನೊಂದು ಪುಸ್ತಕ ಹೊತ್ತವನ ಪೆದ್ದುತನ ಈ ಲೆಕ್ಕದಲ್ಲೇ ಕಾಣುತ್ತದೆ.

ಆ ಒಂದು ಗಂಟೆ ಬೆಳಿಗ್ಗೆಯೇ ಇರಲಿ. ಮಧ್ಯಾಹ್ನ ಊಟವಾದ ಮೇಲೆ ಓದುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಆ ಸೆಖೆಯಲ್ಲಿ, ಕರೆಂಟೂ ಹೋದ ಹೊತ್ತಿನಲ್ಲಿ, ಎದೆಯ ಮೇಲೆ ಪುಸ್ತಕ ಬೋರಲು ಹಾಕಿಕೊಂಡು ಮಲಗುವುದೇ ಆಗುತ್ತದೆ. ಆರರಿಂದ ಏಳು, ಕಾಫಿಯ ಲೋಟದ ಜೊತೆ, ಮೊಬೈಲು ಒಳಕೋಣೆಯಲ್ಲಿ.

ಪುಸ್ತಕ ಎಲ್ಲಿಂದ

ಕೊಳ್ಳುವ ಮೊದಲು ಶಾಲೆಯ ಬೀರು ನೋಡಿ. ಇದನ್ನು ರಜೆ ಶುರುವಾಗುವ ಮುನ್ನ, ಅಪ್ಪ ಅಮ್ಮಂದಿರನ್ನು ಕರೆದು ಮಕ್ಕಳ ಫಲಿತಾಂಶ ಹೇಳುವ ‘ಸಮುದಾಯದತ್ತ ಶಾಲೆ’ ಮುಗಿದ ದಿನವೇ ಮಾಡಬೇಕು. ಆಮೇಲೆ ಬೀಗದಕೈ ಮುಖ್ಯ ಶಿಕ್ಷಕರ ಜೊತೆ ಅವರ ಊರಿಗೆ ಹೋಗಿಬಿಡುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಬೀರುಗಳಲ್ಲಿ ಏನಿದೆ ಎಂಬುದು ನಮಗೇ ಗೊತ್ತಿರುವುದಿಲ್ಲ. ಒಂದು ಶಾಲೆಯಲ್ಲಿ ನಾನು ಆರು ವರ್ಷ ಇದ್ದೆ. ಐದನೇ ವರ್ಷ ಇಲಿ ಸತ್ತ ವಾಸನೆ ಬಂತೆಂದು ಬೀರು ತೆಗೆದಾಗ ನ್ಯಾಷನಲ್ ಬುಕ್ ಟ್ರಸ್ಟಿನ, ಕನ್ನಡ ಪುಸ್ತಕ ಪ್ರಾಧಿಕಾರದ ಎಪ್ಪತ್ತು ಎಂಬತ್ತು ಪುಸ್ತಕ ಹೊಸದಾಗಿ, ಪುಟಕ್ಕೆ ಪುಟ ಅಂಟಿಕೊಂಡು ಕೂತಿದ್ದವು. ಕಳೆದುಹೋದರೆ ದಾಸ್ತಾನು ವಹಿಗೆ ಉತ್ತರ ಹೇಳುವವರು ಯಾರು ಎಂಬ ಭಯಕ್ಕೆ ಯಾರೂ ಮುಟ್ಟಿರಲಿಲ್ಲ. ಭಯ ಸುಳ್ಳಲ್ಲ, ಅದಕ್ಕೆ ಪರಿಹಾರವೂ ಸರಳ: ವಿತರಣಾ ವಹಿಯಲ್ಲಿ ನಿಮ್ಮ ಹೆಸರಿಗೆ ಬರೆಸಿ, ಸಹಿ ಹಾಕಿ, ತೆಗೆದುಕೊಂಡು ಹೋಗಿ.

ಎರಡನೇ ಜಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. ಕೆಲವು ಊರುಗಳಲ್ಲಿ ಬರೀ ಬಾಗಿಲು, ಕೆಲವು ಕಡೆ ನಿಜವಾಗಿಯೂ ಚೆನ್ನಾಗಿವೆ. ಒಮ್ಮೆ ಹೋಗಿ ನೋಡದೆ ಹೇಳಲಿಕ್ಕೆ ಬರುವುದಿಲ್ಲ. ಜಿಲ್ಲಾ ಕೇಂದ್ರಕ್ಕೆ ಮೌಲ್ಯಮಾಪನಕ್ಕೆ ಹೋದವರು ಸಂಜೆ ಅಲ್ಲಿನ ಪುಸ್ತಕದಂಗಡಿಗೆ ಹೊಕ್ಕು ಬರಬಹುದು.

ಮೊಬೈಲಿನಲ್ಲಿ ಓಡಾಡುವ ಪಿಡಿಎಫ್‌ಗಳ ಬಗ್ಗೆ ಒಂದು ಮಾತು. ನಮ್ಮ ದೇಶದ ಕಾನೂನಿನಂತೆ ಲೇಖಕ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರನ್ನು ನೀವು ಆರ್ಕೈವ್ ಡಾಟ್ ಆರ್ಗ್‌ನಿಂದ ನಿಶ್ಚಿಂತೆಯಿಂದ ಇಳಿಸಿಕೊಳ್ಳಿ. ನಿನ್ನೆ ಮೊನ್ನೆ ಬಂದ ಪುಸ್ತಕವನ್ನು ಯಾರೋ ಫೋಟೋ ಹೊಡೆದು ಹಂಚಿದರೆ ಮುಂದೆ ಕಳಿಸಬೇಡಿ. ಕಾಪಿ ಹೊಡೆಯಬಾರದು ಅಂತ ವರ್ಷವಿಡೀ ಮಕ್ಕಳಿಗೆ ಹೇಳುವವರು ನಾವು.

ಮೊದಲ ಪುಸ್ತಕ: ಮಾಡಿ ನೋಡಿದ ಮೇಷ್ಟ್ರು

ಬಹಳ ದಿನದಿಂದ ಪುಸ್ತಕವನ್ನೇ ಹಿಡಿಯದವರು ‘ತೊತ್ತೋ-ಚಾನ್’ನಿಂದ ಶುರು ಮಾಡಿ. ಜಪಾನಿನ ತೆತ್ಸುಕೊ ಕುರೊಯನಾಗಿ ತನ್ನ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು, ಜಪಾನಿನಲ್ಲಿ ಪುಸ್ತಕವಾಗಿ ಬಂದದ್ದು 1981ರಲ್ಲಿ, ಕನ್ನಡದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ಎರಡು ಮೂರು ಪುಟದ ಪುಟ್ಟ ಪುಟ್ಟ ಅಧ್ಯಾಯಗಳು. ಬಸ್ಸಿಗೆ ಕಾಯುತ್ತಾ ಒಂದು ಮುಗಿಸಬಹುದು. ಡೆಸ್ಕಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಾ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾ ಇದ್ದ ಹುಡುಗಿಯನ್ನು ಒಂದು ಶಾಲೆ ಒಂದನೇ ಕ್ಲಾಸಿನಲ್ಲೇ ಹೊರಗೆ ಹಾಕುತ್ತದೆ. ಅಮ್ಮ ಅವಳನ್ನು ತೊಮೊಯೆ ಎಂಬ ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಹಳೆಯ ರೈಲು ಬೋಗಿಗಳೇ ತರಗತಿ. ಮುಖ್ಯೋಪಾಧ್ಯಾಯ ಸೊಸಾಕು ಕೊಬಯಾಶಿ ಅಮ್ಮನನ್ನು ಕಳಿಸಿಬಿಟ್ಟು, ಏನು ಬೇಕಾದರೂ ಹೇಳು ಎಂದು ಕೂತು ನಾಲ್ಕು ಗಂಟೆ ಆ ಮಗುವಿನ ಮಾತು ಕೇಳುತ್ತಾನೆ.

ಇಷ್ಟನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ನೀವು ಓದುವಾಗ ಪೆನ್ಸಿಲ್ ಹಿಡಿದು ನಿಲ್ಲಬೇಕಾದ ಜಾಗಗಳು ಬೇರೆ ಇವೆ. ಹುಡುಗಿಯ ಪರ್ಸು ಪಾಯಿಖಾನೆಯ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು ಗುಂಡಿಯದನ್ನೆಲ್ಲ ಮೊಗೆದು ಹೊರಗೆ ರಾಶಿ ಹಾಕುತ್ತಾ ಹುಡುಕುತ್ತಾಳೆ. ಅಲ್ಲಿಗೆ ಬಂದ ಮುಖ್ಯೋಪಾಧ್ಯಾಯ ಬೈಯುವುದಿಲ್ಲ, ಸಹಾಯಕ್ಕೂ ನಿಲ್ಲುವುದಿಲ್ಲ. ಮುಗಿದ ಮೇಲೆ ಎಲ್ಲ ಮತ್ತೆ ಒಳಗೆ ಹಾಕುತ್ತೀ ತಾನೇ ಎಂದು ಕೇಳಿ ಹೋಗುತ್ತಾನೆ. ಪರ್ಸು ಸಿಗುವುದಿಲ್ಲ. ಹುಡುಗಿ ಎಲ್ಲವನ್ನೂ ವಾಪಸು ಗುಂಡಿಗೆ ತುಂಬುತ್ತಾಳೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ, ನಮ್ಮ ಶಾಲೆಯ ಅಂಗಳದಲ್ಲಿ ಹೀಗಾದರೆ ನಾನೇನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಉತ್ತರ ಬರೆಯುವಂಥದ್ದಲ್ಲ.

ಇನ್ನೊಂದು ಜಾಗ ಆಟೋಟದ ದಿನದ್ದು. ಆ ಶಾಲೆಯಲ್ಲಿ ಕೈಕಾಲು ಬೆಳೆಯದ ತಕಹಾಶಿ ಎಂಬ ಹುಡುಗನಿದ್ದ. ಅವನ ಗಿಡ್ಡ ಕಾಲುಗಳಿಗೇ ಅನುಕೂಲವಾಗುವ ಹಾಗೆ ಮುಖ್ಯೋಪಾಧ್ಯಾಯ ಓಟದ ಆಟಗಳನ್ನು ಕಟ್ಟಿದ್ದ. ಆ ಹುಡುಗ ಎಲ್ಲದರಲ್ಲೂ ಮೊದಲು ಬರುತ್ತಾನೆ. ಬಹುಮಾನವಾಗಿ ಕೊಟ್ಟದ್ದು ತರಕಾರಿ, ಸೊಪ್ಪು. ನಮ್ಮಲ್ಲಿ ಪ್ರತಿಭಾ ಕಾರಂಜಿಗೂ ಕ್ರೀಡಾಕೂಟಕ್ಕೂ ಗೆಲ್ಲುವ ಮಕ್ಕಳನ್ನು ಹುಡುಕಿ ಆಟಕ್ಕೆ ಹಾಕುತ್ತೇವೆ. ಅಲ್ಲಿ ಒಬ್ಬ ಹುಡುಗ ಗೆಲ್ಲಲಿ ಅಂತ ಆಟವನ್ನೇ ಹೊಸದಾಗಿ ಹುಟ್ಟಿಸಿದ್ದರು.

ಓದಿ ಮುಗಿಸಿದವರು ಒಂದು ತಕರಾರು ತೆಗೆಯುತ್ತಾರೆ: ಅದು ಐವತ್ತು ಮಕ್ಕಳ ಖಾಸಗಿ ಶಾಲೆ, ಅಲ್ಲಿ ಏನು ಬೇಕಾದರೂ ಮಾಡಬಹುದು, ನಮಗೆ ಪಠ್ಯ ಮುಗಿಸಬೇಕು, ಮಕ್ಕಳ ಮಾಹಿತಿಯನ್ನು ಇಲಾಖೆಯ ಸ್ಯಾಟ್ಸ್ ಜಾಲತಾಣಕ್ಕೆ ತುಂಬಬೇಕು, ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಉತ್ತರ ಹೇಳಬೇಕು. ನ್ಯಾಯವಾದ ತಕರಾರೇ. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆ ಸುಟ್ಟೂ ಹೋಯಿತು. ಈ ತಕರಾರು ನಿಮ್ಮ ಬಾಯಲ್ಲಿ ಬಂದ ತಕ್ಷಣ ಇದೇ ಸಾಲಿನ ಇನ್ನೊಂದು ಪುಸ್ತಕ ತೆಗೆಯಿರಿ: ಗುಜರಾತಿನ ಗಿಜುಭಾಯಿ ಬಧೇಕಾ ಬರೆದ ‘ದಿವಾಸ್ವಪ್ನ’. ಕನ್ನಡಕ್ಕೂ ಬಂದಿದೆ, ಬೀರುವಿನಲ್ಲಿ ಸಿಗದಿದ್ದರೆ ಹಿಂದಿ, ಇಂಗ್ಲಿಷ್ ಆವೃತ್ತಿಗಳು ಸುಲಭವಾಗಿ ಸಿಗುತ್ತವೆ.

ಗಿಜುಭಾಯಿ (1885–1939) ವಕೀಲರಾಗಿದ್ದವರು, ಕೋರ್ಟು ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ನಡೆಸಿದರು. ದಪ್ಪ ಮೀಸೆಯ ಈ ಮನುಷ್ಯನನ್ನು ಗುಜರಾತಿನಲ್ಲಿ ‘ಮೀಸೆಯ ಅಮ್ಮ’ ಎಂದೇ ಕರೆಯುತ್ತಿದ್ದರು. ‘ದಿವಾಸ್ವಪ್ನ’ ಕಥೆಯ ರೂಪದಲ್ಲಿದೆ. ಒಬ್ಬ ಶಿಕ್ಷಕ ಶಿಕ್ಷಣಾಧಿಕಾರಿಯ ಹತ್ತಿರ ಹೋಗಿ, ನನಗೆ ಒಂದು ವರ್ಷ ನಾಲ್ಕನೇ ತರಗತಿ ಕೊಡಿ, ಪ್ರಯೋಗ ಮಾಡಿ ತೋರಿಸುತ್ತೇನೆ ಎನ್ನುತ್ತಾನೆ. ಸಾಹೇಬರು ಒಪ್ಪುತ್ತಾರೆ, ವರ್ಷದ ಕೊನೆಗೆ ಪರೀಕ್ಷೆ ಇದ್ದೇ ಇದೆ. ಅದೇ ಗದ್ದಲದ ಕೋಣೆ, ಅದೇ ಕೊಂಕು ಮಾತಿನ ಸಹೋದ್ಯೋಗಿಗಳು, ಇದೇನು ಓದಿಸುವ ರೀತಿಯೇ ಎಂದು ಕೇಳುವ ಅಪ್ಪ ಅಮ್ಮಂದಿರು. ಸುಮಾರು ತೊಂಬತ್ತು ವರ್ಷದ ಹಿಂದಿನ ಪುಸ್ತಕ. ಸ್ಟಾಫ್ ರೂಮಿನ ಮಾತುಗಳು ಮಾತ್ರ ಹೋದ ತಿಂಗಳಿನವು.

ನನಗೆ ಇಷ್ಟವಾದದ್ದು ಅದರ ಮೊದಲ ದಿನ. ಮೇಷ್ಟ್ರು ರಾತ್ರಿಯೆಲ್ಲ ಯೋಜನೆ ಹಾಕಿಕೊಂಡು ಬಂದು ಮಕ್ಕಳಿಗೆ ಮೌನದ ಆಟ ಆಡಿಸಲು ಹೋಗುತ್ತಾನೆ, ಮಕ್ಕಳು ಅವನ ಮಾನ ಕಳೆಯುತ್ತಾರೆ. ಪುಸ್ತಕದಲ್ಲಿ ಓದಿದ್ದು ಕೋಣೆಯಲ್ಲಿ ನಡೆಯುವುದಿಲ್ಲ ಎಂಬುದು ಆ ಪುಸ್ತಕದ ಶುರುವಿನಲ್ಲೇ ಇದೆ! ಮರುದಿನ ಅವನು ಕಥೆ ಹೇಳಲು ಕೂರುತ್ತಾನೆ, ಕೋಣೆ ತಣ್ಣಗಾಗುತ್ತದೆ. ಹಾಜರಿ ಹಾಕಬೇಕಲ್ಲ, ಕಥೆಯ ನಡುವೆ ನಿಲ್ಲಿಸಿ ಹಾಜರಿ ಕರೆಯುತ್ತಾನೆ. ಕಥೆ ಮುಂದುವರಿಯಲಿ ಎಂಬ ಆಸೆಗೆ ಮಕ್ಕಳು ಚಕಚಕ ಉತ್ತರ ಕೊಡುತ್ತಾರೆ.

ಇದನ್ನು ಓದಿದ ಜೂನ್‌ನಲ್ಲಿ ಐದನೇ ತರಗತಿಗೆ ಹತ್ತು ದಿನ ಬರೀ ಕಥೆ ಹೇಳಿದೆ. ಹನ್ನೊಂದನೇ ದಿನಕ್ಕೆ ನನ್ನ ಕಥೆಗಳ ಚೀಲ ಬರಿದು, ಪಾಠ ಹಿಂದೆ ಬಿದ್ದು, ಪಕ್ಕದ ಕೋಣೆಯವರ ಮುಖ ಗಂಟು. ಆ ಪ್ರಯೋಗ ಅಲ್ಲಿಗೆ ನಿಂತಿತು. ಹಾಜರಿಯ ಉಪಾಯ ಮಾತ್ರ ಉಳಿಯಿತು, ಈಗಲೂ ನಡೆಯುತ್ತಿದೆ: ಬೆಳಿಗ್ಗೆ ಕಥೆಯ ಅರ್ಧ, ನಂತರ ಹಾಜರಿ, ಸಂಜೆ ಬೆಲ್ ಹೊಡೆಯುವ ಮುಂಚೆ ಇನ್ನರ್ಧ. ಬಿಸಿಯೂಟ ಮುಗಿಸಿ ಗದ್ದೆಗೋ ಮನೆಗೋ ಜಾರಿಕೊಳ್ಳುತ್ತಿದ್ದ ಇಬ್ಬರು ಹುಡುಗರು ಆ ವರ್ಷ ಸಂಜೆಯವರೆಗೆ ನಿಂತರು.

ಒಂದನೇ ಎರಡನೇ ತರಗತಿಗೆ ಕಾರ್ಡುಗಳಲ್ಲಿ ಆಡಿಸುತ್ತಾ ಕಲಿಸುವ ನಲಿ-ಕಲಿಯವರಿಗೆ ಬೇರೊಂದು ಸಲಹೆ. ಇಂಗ್ಲಿಷ್ ಓದಬಲ್ಲಿರಾದರೆ ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್-ವಾರ್ನರ್ ಅವರ ‘ಟೀಚರ್’ (1963) ಹುಡುಕಿ. ಮಾವೊರಿ ಮಕ್ಕಳಿಗೆ ಓದು ಕಲಿಸುತ್ತಿದ್ದ ಆಕೆ, ಎಲ್ಲೋ ಅಚ್ಚಾಗಿ ಬಂದ ಪಾಠದ ಪದಗಳನ್ನು ಬದಿಗಿಟ್ಟು, ಇವತ್ತು ನಿನಗೆ ಯಾವ ಪದ ಬೇಕು ಎಂದು ಒಂದೊಂದೇ ಮಗುವನ್ನು ಕೇಳುತ್ತಿದ್ದರು. ಮಗು ಹೇಳಿದ ಪದವನ್ನು ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅದರ ಕೈಗೆ ಕೊಡುವುದು. ಭಯದ ಪದ, ಪ್ರೀತಿಯ ಪದ, ದೆವ್ವ, ಅಮ್ಮ. ಇಂಥವನ್ನು ಮಕ್ಕಳು ಒಮ್ಮೆ ನೋಡಿದರೆ ಮರೆಯುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ನಮ್ಮ ‘ರ ಗ ಸ ದ ಅ’ ಕಾರ್ಡುಗಳ ಪಕ್ಕದಲ್ಲೇ ಪ್ರತಿ ಮಗುವಿಗೂ ವಾರಕ್ಕೊಂದು ‘ನನ್ನ ಪದ’ ಇಡಲು ಯಾರ ಅನುಮತಿಯೂ ಬೇಕಿಲ್ಲ, ಹಳೆಯ ಲಗ್ನಪತ್ರಿಕೆಯ ಹಿಂಬದಿ ಇದ್ದರೆ ಸಾಕು.

ಎರಡನೆಯದು: ಬೆಂಚಿನ ಆ ಕಡೆಯಿಂದ

ಶಿಕ್ಷಣದ ಪುಸ್ತಕಗಳ ದೋಷವೆಂದರೆ ಅವನ್ನು ಹೆಚ್ಚಾಗಿ ಕಲಿಸುವವರೇ ಬರೆದಿರುತ್ತಾರೆ. ಅದಕ್ಕೇ ಎರಡನೇ ಪುಸ್ತಕ ಒಂದು ಆತ್ಮಕಥೆ ಇರಲಿ. ನಾನು ಮೊದಲು ಕೈಗೆ ಕೊಡುವುದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿಯಲ್ಲಿ ಶುರುವಾಗುವ ಪುಸ್ತಕ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಉಳುತ್ತಿರುವುದನ್ನು ಮಕ್ಕಳು ನೋಡುತ್ತಾರೆ, ಆ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಅಂಥ ದೃಶ್ಯದಿಂದ ಹೊರಟ ಪುಸ್ತಕ ಪುಟಪುಟದಲ್ಲೂ ನಗಿಸುತ್ತದೆ, ನಗುತ್ತಲೇ ಗಂಟಲು ಕಟ್ಟುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಇನ್ನೊಂದು. ಅದರಲ್ಲಿ ನಗೆ ಕಡಿಮೆ, ಕೋಪ ಜಾಸ್ತಿ. ಮೊದಲು ಊರುಕೇರಿ, ಆಮೇಲೆ ಅದು.

ಹೈಸ್ಕೂಲಿನವರು ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯನ್ನೂ ನೋಡಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದಿನ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಬಂದದ್ದು, ಮುಂದೆ ಕುಲಪತಿಯಾದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕಿದ್ದು ಅಲ್ಲಿದೆ. ಮಕ್ಕಳಿಗೆ ಸ್ಫೂರ್ತಿ ಕೊಡಲಿಕ್ಕೆ ಬೇಡ. ಅಂಥ ಹುಡುಗನನ್ನು ಯಾವ ಮೇಷ್ಟ್ರು ಗುರುತಿಸಿದರು, ಹೇಗೆ ಗುರುತಿಸಿದರು ಎಂದು ತಿಳಿಯಲಿಕ್ಕೆ ಓದಿ.

ಓದುವ ಕ್ರಮ ಹೀಗೆ. ಪುಸ್ತಕದಲ್ಲಿ ಎಲ್ಲೆಲ್ಲಿ ಮೇಷ್ಟ್ರೋ ಟೀಚರೋ ಬರುತ್ತಾರೋ ಅಲ್ಲಿ ಅಂಚಿನಲ್ಲಿ ಒಂದು ಚುಕ್ಕೆ. (ಸ್ವಂತ ಪುಸ್ತಕವಾದರೆ ಮಾತ್ರ, ಶಾಲೆಯದಾದರೆ ಚೀಟಿ ಇಡಿ.) ಮುಗಿದ ಮೇಲೆ ಚುಕ್ಕೆಗಳನ್ನಷ್ಟೇ ಮತ್ತೆ ಓದಿ. ಮೂವತ್ತು ನಲವತ್ತು ವರ್ಷ ಕಳೆದ ಮೇಲೂ ಒಬ್ಬ ಮನುಷ್ಯನಿಗೆ ತನ್ನ ಮೇಷ್ಟ್ರ ಯಾವ ಮಾತು ನೆನಪಿದೆ? ಪಾಠ ಅಪರೂಪಕ್ಕೆ. ಹೆಸರು ಹೇಗೆ ಕರೆದರು, ಎಲ್ಲಿ ಕೂರಿಸಿದರು, ಎಲ್ಲರೆದುರು ಏನಂದರು, ಇಂಥವು ಉಳಿದಿರುತ್ತವೆ.

ಗಟ್ಟಿ ಹೊಟ್ಟೆಯವರಿಗೆ ಇನ್ನೂ ಒಂದಿದೆ. ಇಟಲಿಯ ಟಸ್ಕನಿ ಬೆಟ್ಟದ ಬಾರ್ಬಿಯಾನಾ ಎಂಬ ಹಳ್ಳಿಯ ಎಂಟು ಹುಡುಗರು, ತಮ್ಮ ಪಾದ್ರಿ ಮೇಷ್ಟ್ರು ಲೊರೆಂಜೊ ಮಿಲಾನಿಯ ಜೊತೆ ಕೂತು, ತಮ್ಮನ್ನು ಫೇಲು ಮಾಡಿದ ಟೀಚರಿಗೆ ಬರೆದ ಪತ್ರ 1967ರಲ್ಲಿ ಪುಸ್ತಕವಾಯಿತು. ಇಂಗ್ಲಿಷಿನಲ್ಲಿ ‘ಲೆಟರ್ ಟು ಎ ಟೀಚರ್’. ರೈತರ, ಕೂಲಿಯವರ ಮಕ್ಕಳೇ ಯಾಕೆ ಸಾಲಾಗಿ ಫೇಲಾಗುತ್ತಾರೆ ಎಂದು ಹುಡುಗರು ಅಂಕಿಅಂಶ ಕೂಡಿಸಿ ಕೇಳುತ್ತಾರೆ. ಗಟ್ಟಿಮುಟ್ಟಾದವರಿಗೆ ಔಷಧಿ ಕೊಟ್ಟು ರೋಗಿಗಳನ್ನು ಹೊರದಬ್ಬುವ ಆಸ್ಪತ್ರೆಯಂತಿದೆ ನಿಮ್ಮ ಶಾಲೆ ಎನ್ನುತ್ತಾರೆ. ಐದು, ಎಂಟನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳ ನಮ್ಮಲ್ಲಿ ಕೋರ್ಟಿನವರೆಗೂ ಹೋಗಿತ್ತಲ್ಲ, ಅದರಲ್ಲಿ ನೀವು ಯಾವ ಪಕ್ಷದಲ್ಲಿದ್ದರೂ ಈ ಹುಡುಗರ ಜೊತೆ ಒಮ್ಮೆ ವಾದಕ್ಕೆ ಕೂರಬೇಕು. ನಾನು ಇನ್ನೂ ಪೂರ್ತಿ ಅವರ ಪಕ್ಷಕ್ಕೆ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಅಂಕಪಟ್ಟಿ ಬರೆಯುವಾಗ ಪೆನ್ನು ಮಾತ್ರ ನಿಧಾನವಾಗಿದೆ.

ಮೂರನೆಯದು: ನಿಮ್ಮ ವಿಷಯದ ಮೋಹ

ವಿಜ್ಞಾನ, ಪರಿಸರ ಅಧ್ಯಯನ ಹೇಳುವವರು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದದೆ ನಿವೃತ್ತರಾಗಬಾರದು. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡು ಮೇಡು ಸುತ್ತಿದ ಕಥೆ ಇದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರೇಖಾಚಿತ್ರಗಳೂ ಅವರವೇ. ಗಿಡದ ವರ್ಣನೆ, ಅದರ ಹೆಸರಿನ ಹಿಂದಿನ ಕಥೆ, ಹಳೆಗನ್ನಡದ ಪದ್ಯ, ಹುಡುಗರ ಕೀಟಲೆ, ತಿಂಡಿಯ ಜಗಳ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ದಿನಕ್ಕೆ ಒಂದೇ ಅಧ್ಯಾಯ ಓದಿ, ಓದಿದ ದಿನ ಮನೆಯ ಸುತ್ತ ಅರ್ಧ ಗಂಟೆ ನಡೆಯಿರಿ. ಹೊಂಗೆ ಹೂ ಉದುರಿಸಿ ಮುಗಿಸಿರುತ್ತದೆ, ಗುಲ್‌ಮೊಹರ್ ಕೆಂಪಗಾಗಿರುತ್ತದೆ. ಜೂನ್‌ನಲ್ಲಿ ಎಲೆಯ ಭಾಗಗಳ ಪಾಠಕ್ಕೆ ಚಾರ್ಟು ಬೇಕೆನಿಸುವುದಿಲ್ಲ.

ಅದು ದೊಡ್ಡದಾಯಿತು ಎನ್ನುವವರಿಗೆ ತೇಜಸ್ವಿಯವರ ‘ಪರಿಸರದ ಕತೆ’. ಕಿವಿ ಎಂಬ ನಾಯಿ, ಮಾರ, ಪ್ಯಾರ ಇವರನ್ನೆಲ್ಲ ಒಮ್ಮೆ ಓದಿದವರು ಮತ್ತೆ ಓದಲು ಬೇರೆ ಕಾರಣ ಬೇಕಿಲ್ಲ. ಆರು ಏಳನೇ ತರಗತಿಗೆ ಗಟ್ಟಿಯಾಗಿ ಓದಿ ಹೇಳಲು ಇದಕ್ಕಿಂತ ಒಳ್ಳೆಯ ಗದ್ಯ ನನಗೆ ಸಿಕ್ಕಿಲ್ಲ.

ಕನ್ನಡದವರು ಪಂಜೆಯವರಿಗೆ ಹಿಂದಿರುಗಿ. ಬಂಟ್ವಾಳದಲ್ಲಿ ಹುಟ್ಟಿ, ಶಾಲೆ ಮೇಷ್ಟ್ರಾಗಿ, ಇನ್‌ಸ್ಪೆಕ್ಟರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ನಮ್ಮ ಇಲಾಖೆಯ ಮನುಷ್ಯ! ಸಾಹೇಬರು ಶಾಲೆ ತಪಾಸಣೆಗೆ ಬರುತ್ತಾ ‘ನಾಗರಹಾವೆ’ ಪದ್ಯ ಬರೆದು ತರುವ ಕಾಲವೊಂದಿತ್ತು ಎಂದು ನೆನೆದರೆ ನನಗೆ ಸ್ವಲ್ಪ ಅಸೂಯೆಯೇ ಆಗುತ್ತದೆ. ‘ತೆಂಕಣ ಗಾಳಿಯಾಟ’ವನ್ನು ಮನೆಯ ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಹತ್ತು ಸಲ ಓದಿ. ಮನೆಯವರು ಏನಾಯಿತು ಅಂತ ಇಣುಕಿ ನೋಡುವಷ್ಟು ಗಟ್ಟಿ. ಗಾಳಿ ಎಲ್ಲಿ ಏರುತ್ತದೆ, ಎಲ್ಲಿ ಸುಯ್ಯುತ್ತದೆ ಎಂದು ನಾಲಿಗೆಗೆ ಗೊತ್ತಾದ ಮೇಲೆ ಸಾರಾಂಶ ಬರೆಸುವ ಮನಸ್ಸಾಗುವುದಿಲ್ಲ.

ಸಮಾಜದವರಿಗೆ ಗೊರೂರರ ‘ಹಳ್ಳಿಯ ಚಿತ್ರಗಳು’. ಗಣಿತದವರಿಗೆ ರಷ್ಯಾದ ಯಾಕೊವ್ ಪೆರೆಲ್ಮನ್‌ನ ‘ಫಿಗರ್ಸ್ ಫಾರ್ ಫನ್’. ಇಂಗ್ಲಿಷ್ ಸುಲಭವಾಗಿದೆ, ದಿನಕ್ಕೆರಡು ಒಗಟು ಬಿಡಿಸಿದರೆ ಸಾಕು. ಗಣಿತ ನನ್ನ ವಿಷಯವಲ್ಲ, ಇದಕ್ಕಿಂತ ಹೆಚ್ಚು ಹೇಳಿದರೆ ಹರಟೆಯಾಗುತ್ತದೆ.

ಮಕ್ಕಳ ಪುಸ್ತಕ, ಗಟ್ಟಿ ದನಿಯಲ್ಲಿ

ರಜೆಯಲ್ಲಿ ನಮ್ಮ ಅಂಗಳ ಅಕ್ಕನ ಮಕ್ಕಳು, ತಮ್ಮನ ಮಕ್ಕಳು, ಪಕ್ಕದ ಮನೆಯವರಿಂದ ತುಂಬಿರುತ್ತದೆ. ಸಂಬಳವಿಲ್ಲದ ಪ್ರಯೋಗಶಾಲೆ. ಹತ್ತು ಕಥೆಗಳನ್ನು ಅವರ ಮೇಲೆ ಪ್ರಯೋಗ ಮಾಡಿ, ಆರು ಸೋಲುತ್ತವೆ, ನಾಲ್ಕು ಜೂನ್‌ಗೆ ಸಿದ್ಧ.

ಕಥೆ ಎಲ್ಲಿಂದ ಎಂದರೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ರಾಶಿ ಇವೆ, ಓದಿನ ಮಟ್ಟಕ್ಕೆ ತಕ್ಕಂತೆ ಹಂತ ಮಾಡಿಟ್ಟಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು, ಶಾಲೆಯ ಟಿವಿಗೂ ಹಾಕಬಹುದು. ಎಷ್ಟೋ ಕಥೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇರುವುದರಿಂದ ಇಂಗ್ಲಿಷ್ ಟೀಚರುಗಳಿಗೆ ಇದು ಚಿನ್ನ. ಶಿಶುಪದ್ಯಕ್ಕೆ ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’. ಏಳನೇ ತರಗತಿಯವರಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಮಲೆನಾಡಿನ ಕಡೆ ಶಾಲೆ ಇರುವವರು ಇದನ್ನು ಓದಿಸಿದರೆ ಹಿನ್ನೀರಿನ ಕಥೆಗಳು ಅಜ್ಜಿ ತಾತಂದಿರಿಂದ ತಾವಾಗಿ ಹೊರಬರುತ್ತವೆ.

ಓದುವಾಗ ಗಮನಿಸಬೇಕಾದದ್ದು ಎರಡು. ಚಿತ್ರಪುಸ್ತಕವನ್ನು ನಿಮ್ಮ ಕಡೆಗೆ ಹಿಡಿದು ಓದಬೇಡಿ. ಕಿವಿಯ ಪಕ್ಕಕ್ಕೆ, ಮಕ್ಕಳ ಕಡೆ ತೆರೆದು ಹಿಡಿಯಿರಿ, ಅದಕ್ಕೆ ಕಥೆ ಮುಕ್ಕಾಲು ಪಾಲು ಬಾಯಿಪಾಠ ಇರಬೇಕು. ಕಥೆ ಮುಗಿದ ತಕ್ಷಣ ‘ಇದರಿಂದ ನಾವು ಕಲಿತ ನೀತಿ ಏನು’ ಎಂದು ಕೇಳಬೇಡಿ. ನನ್ನ ಅಕ್ಕನ ಮಗಳು ಆರು ವರ್ಷದವಳು ಒಮ್ಮೆ, ‘ಮಾವ, ಪ್ರಶ್ನೆ ಇರೋ ಕಥೆನಾ, ಪ್ರಶ್ನೆ ಇಲ್ಲದ ಕಥೆನಾ? ಮೊದಲೇ ಹೇಳು’ ಅಂದಿದ್ದಳು.

ಎಡಪುಟ, ಬಲಪುಟ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಪುಸ್ತಕದಿಂದ ತೆಗೆದದ್ದು, ಎರಡೇ ಸಾಲು, ನಿಮ್ಮ ಮಾತಿನಲ್ಲಿ. ಎದುರಿನ ಬಲಪುಟದಲ್ಲಿ ನಿಮ್ಮ ತರಗತಿಯ ಒಂದು ಮಗುವಿನ ಹೆಸರು. ಆ ಸಾಲು ಓದುವಾಗ ಯಾರ ಮುಖ ಕಣ್ಣಿಗೆ ಬಂತೋ ಆ ಹೆಸರು. ಪರ್ಸಿನ ಪ್ರಸಂಗದ ಎದುರಿಗೆ ನನ್ನ ನೋಟ್‌ಬುಕ್ಕಿನಲ್ಲಿ ಒಬ್ಬ ಹುಡುಗನ ಹೆಸರಿದೆ. ಶಾಲೆಯ ನೀರಿನ ಸಂಪಿನೊಳಗೆ ಕಲ್ಲು ಹಾಕಿದನೆಂದು ನಾನು ಎಲ್ಲರೆದುರು ನಿಲ್ಲಿಸಿದ್ದವನು. ಯಾಕೆ ಹಾಕಿದೆ ಎಂದು ನಾನು ಕೇಳಿರಲಿಲ್ಲ. ರಜೆ ಕಳೆದು ಕೇಳಿದೆ: ನೀರು ಎಷ್ಟು ಆಳಕ್ಕೆ ಇದೆ ಅಂತ ಸದ್ದಿನಲ್ಲಿ ನೋಡ್ತಿದ್ದೆ ಸಾರ್, ಅಂದ.

ಹೆಸರು ಹೊಳೆಯದ ಸಾಲು ಎಷ್ಟೇ ಚಂದವಿದ್ದರೂ ಬರೆದುಕೊಳ್ಳಬೇಡಿ. ಈ ಜರಡಿಯಲ್ಲಿ ಅರ್ಧಕ್ಕರ್ಧ ಭಾಷಣದ ಸರಕು ಸೋರಿಹೋಗುತ್ತದೆ. ಬೇಜಾರಾದ ಪುಸ್ತಕವನ್ನು ಐವತ್ತನೇ ಪುಟದಲ್ಲಿ ಬಿಟ್ಟುಬಿಡಲೂ ಬಹುದು. ಮುಗಿಸಲೇಬೇಕೆಂಬ ನಿಯಮ ಪಠ್ಯಪುಸ್ತಕಕ್ಕೆ ಮಾತ್ರ.

ಜೊತೆಗೆ ಒಬ್ಬರೋ ಇಬ್ಬರೋ ಇದ್ದರೆ ಚಂದ. ನಾವು ಮೂವರು ಬೇರೆ ಬೇರೆ ಶಾಲೆಯವರು ಭಾನುವಾರ ಸಂಜೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತೇವೆ. ಎಡಪುಟ ಓದುವ ಹಾಗಿಲ್ಲ, ಬಲಪುಟದ ಹೆಸರಿನಿಂದಲೇ ಮಾತು ಶುರು. ಇದನ್ನು ವಾಟ್ಸ್ಆ್ಯಪ್ ಗುಂಪು ಮಾಡಲು ಹೋಗಿ ಒಂದು ಸಲ ಕೆಟ್ಟೆವು. ನಾಲ್ಕನೇ ದಿನಕ್ಕೆ ಶುಭೋದಯದ ಗುಲಾಬಿಗಳೂ ತುಟ್ಟಿಭತ್ಯೆಯ ಚರ್ಚೆಯೂ ತುಂಬಿಕೊಂಡವು.

ಮೇ ಕೊನೆಯ ವಾರ

ಬಲಪುಟಗಳನ್ನು ತಿರುವಿ ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. ಎರಡು ಬೇಡ. ನಾನು ಹತ್ತು ದಿನದ ಕಥೆಯಲ್ಲಿ ಸೋತದ್ದು ದೊಡ್ಡದನ್ನು ಹಿಡಿದದ್ದಕ್ಕೆ, ಹಾಜರಿಯ ಕಥೆ ಉಳಿದದ್ದು ಅದು ಐದು ನಿಮಿಷದ್ದಾದ್ದಕ್ಕೆ. ಶಾಲೆ ತೆರೆದ ಮೇಲೆ ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧದ ದಿನಗಳಲ್ಲಿ ಪಠ್ಯದ ಒತ್ತಡ ಅಷ್ಟಿರುವುದಿಲ್ಲ, ಹೊಸದನ್ನು ಆಗಲೇ ಶುರು ಮಾಡಬೇಕು. ಜುಲೈಗೆ ಬಿಟ್ಟರೆ ಆಗುವುದಿಲ್ಲ. ಮುಖ್ಯ ಶಿಕ್ಷಕರಿಗೆ ಮೊದಲೇ ಒಂದು ಮಾತು ಹೇಳಿಡಿ. ಪ್ರಯೋಗ ಎಂಬ ಪದ ಬಳಸಬೇಡಿ, ಅದಕ್ಕೆ ವರದಿ ಕೇಳುತ್ತಾರೆ.

ಶಾಲೆ ತೆರೆದ ದಿನ ಪುಸ್ತಕಗಳನ್ನು ವಾಪಸು ಬೀರುವಿಗೆ ಇಡುತ್ತೀರಲ್ಲ, ಆಗ ಬೀಗ ಹಾಕಬೇಡಿ. ಏಳನೇ ತರಗತಿಯ ಇಬ್ಬರನ್ನು ಕರೆದು ವಿತರಣಾ ವಹಿ ಬರೆಯುವುದು ಹೇಗೆಂದು ತೋರಿಸಿ: ಕ್ರಮ ಸಂಖ್ಯೆ, ಪುಸ್ತಕದ ಹೆಸರು, ಕೊಟ್ಟ ದಿನ, ಪಡೆದವರ ಸಹಿ, ವಾಪಸಾದ ದಿನ. ನಮ್ಮ ಶಾಲೆಯಲ್ಲಿ ಶನಿವಾರ ಬೆಳಗಿನ ಕೊನೆಯ ಅವಧಿ ಅದಕ್ಕೇ ಮೀಸಲು. ಮೊದಲ ವರ್ಷ ಒಂಬತ್ತು ಪುಸ್ತಕ ಕಳೆದವು. ದಾಸ್ತಾನು ವಹಿಗೆ ನಾವು ನಾಲ್ವರು ಶಿಕ್ಷಕರು ಹಣ ಹಾಕಿ ತುಂಬಿದೆವು. ಎರಡನೇ ವರ್ಷ ಮೂರು ಕಳೆದವು, ಹಳೆಯ ಒಂಬತ್ತರಲ್ಲಿ ಎರಡು ಹಳೇ ವಿದ್ಯಾರ್ಥಿಯೊಬ್ಬನ ಮನೆಯ ಟಿವಿಯ ಮೇಲೆ ಸಿಕ್ಕವು. ಅವನ ಅಮ್ಮ ಓದುತ್ತಿದ್ದರಂತೆ. ಒಂದನ್ನು ಇನ್ನೂ ಮುಗಿಸಿಲ್ಲ, ಒಂದು ವಾರ ತಡವಾಗಿ ಕೊಡಲೇ ಎಂದು ಕೇಳಿ ಕಳಿಸಿದ್ದರು.